ಗ್ಲಾಕೋಮಾ: ಒಂದು ಬಾಟಲಿ ಎರಡಾಯಿತು, ಮುಂದೆ ಎಷ್ಟು ಖರ್ಚು?

ಪ್ರಶ್ನೆ: ಡಾಕ್ಟರೇ, ನಮ್ಮದು ರಾಣೆಬೆನ್ನೂರು ಹತ್ತಿರದ ಹಳ್ಳಿ. ಅಪ್ಪನಿಗೆ 64 ವರ್ಷ, ಮೆಕ್ಕೆಜೋಳದ ಹೊಲ ನೋಡಿಕೊಳ್ಳುತ್ತಾರೆ. ಮೂರು ವರ್ಷದ ಹಿಂದೆ ಕನ್ನಡಕ ಬದಲಿಸೋಣ ಅಂತ ಹೋದಾಗ ಗ್ಲಾಕೋಮಾ ಇದೆ ಅಂದರು. ಆಗ ರಾತ್ರಿ ಹಾಕುವ ಒಂದೇ ಡ್ರಾಪ್ಸ್, ₹420. ಹೋದ ವರ್ಷ ದಿನಕ್ಕೆ ಎರಡು ಸಲ ಹಾಕುವ ಇನ್ನೊಂದು ಸೇರಿತು, ₹560. ಎರಡೂ 20 ದಿನಕ್ಕೇ ಖಾಲಿ ಆಗುತ್ತವೆ. ಇದರ ಮೇಲೆ ಕಣ್ಣಿನ ನರಕ್ಕೆ ಶಕ್ತಿ ಅಂತ ಮಾತ್ರೆ ಬೇರೆ. ಮೊನ್ನೆ ಹೋದಾಗ ಬಲಗಣ್ಣಿಗೆ ಆಪರೇಷನ್ ಬೇಕಾಗಬಹುದು ಅಂದರು. ಅಪ್ಪ ಈಗ ಹಟ ಹಿಡಿದಿದ್ದಾರೆ. 'ಮೂರು ವರ್ಷ ಹಾಕಿದ್ರೂ ಕಣ್ಣು ಒಂಚೂರೂ ಜಾಸ್ತಿ ಕಾಣ್ತಿಲ್ಲ, ಸುಮ್ನೆ ದುಡ್ಡು ದಂಡ' ಅಂತಾರೆ. ನಮಗೆ ಬಿಪಿಎಲ್ ಕಾರ್ಡ್ ಇದೆ. ನನಗೆ 41 ವರ್ಷ, ನಾನೊಬ್ಬನೇ ಮಗ. ಕಾಯಿಲೆ ಹೆಚ್ಚಾದಂತೆ ಖರ್ಚು ಎಲ್ಲಿಗೆ ಹೋಗಿ ನಿಲ್ಲುತ್ತದೆ? ಎಲ್ಲಿ ಉಳಿಸಬಹುದು?

ಉತ್ತರ: ನಿಮ್ಮ ಅಪ್ಪನ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅವರು ಹೇಳಿದ್ದು ನಿಜ. ಡ್ರಾಪ್ಸ್ ಹಾಕಿದ್ದರಿಂದ ಅವರಿಗೆ ಜಾಸ್ತಿ ಕಾಣುವುದಿಲ್ಲ, ಮುಂದೆಯೂ ಕಾಣುವುದಿಲ್ಲ. ಪೊರೆ ಆಪರೇಷನ್ ಆದವರು ಮರುದಿನ ಪಟ್ಟಿ ಬಿಚ್ಚಿದ ಕೂಡಲೇ 'ಎಲ್ಲಾ ಬೆಳ್ಳಗೆ ಕಾಣ್ತಿದೆ' ಅನ್ನುತ್ತಾರೆ. ಗ್ಲಾಕೋಮಾದಲ್ಲಿ ಆ ಸಂತೋಷ ಇಲ್ಲ. ಇಲ್ಲಿ ಹಾಳಾಗುವುದು ಕಣ್ಣಿನಿಂದ ಮೆದುಳಿಗೆ ಹೋಗುವ ನರ. ಹೋದ ನರ ವಾಪಸ್ ಬರುವುದಿಲ್ಲ. ಔಷಧಿ ಮಾಡುವ ಕೆಲಸ ಕಣ್ಣೊಳಗಿನ ಒತ್ತಡ ಇಳಿಸಿ ಉಳಿದ ನರವನ್ನು ಕಾಯುವುದು, ಅಷ್ಟೇ. ಹೊಲಕ್ಕೆ ಬೇಲಿ ಹಾಕಿದರೆ ಇಳುವರಿ ಜಾಸ್ತಿ ಆಗುತ್ತಾ? ಇಲ್ಲ. ಹಾಗಂತ ಹಂದಿ ಕಾಟ ಇರುವ ಊರಲ್ಲಿ ಯಾರೂ ಬೇಲಿ ಕಿತ್ತು ಹಾಕುವುದಿಲ್ಲ. ಅಪ್ಪನಿಗೆ ಹೀಗೇ ಹೇಳಿ ನೋಡಿ.

ಇನ್ನು ಖರ್ಚು. ಮೊದಲು ಅದು ಏರುವುದು ಯಾಕೆ ಅಂತ ತಿಳಿದುಕೊಂಡರೆ ಉಳಿದ ಲೆಕ್ಕ ಸಲೀಸು.

ಸಾಮಾನ್ಯವಾಗಿ ಕಣ್ಣಿನ ಒತ್ತಡ, ಪಾದರಸದ ಮಿ.ಮೀ. ಲೆಕ್ಕದಲ್ಲಿ, 10ರಿಂದ 21ರ ಒಳಗೆ ಇರುತ್ತದೆ. ಕಾಯಿಲೆ ಶುರುವಿನಲ್ಲಿದ್ದರೆ 28 ಇದ್ದದ್ದನ್ನು 20ರ ಹತ್ತಿರ ತಂದರೂ ಎಷ್ಟೋ ಕಣ್ಣುಗಳಿಗೆ ಸಾಕು. ಅದಕ್ಕೆ ಒಂದು ಬಾಟಲಿ ನಡೆಯುತ್ತದೆ. ಆದರೆ ನರ ಹಾಳಾದಷ್ಟೂ ಅದಕ್ಕೆ ತಡೆಯುವ ಶಕ್ತಿ ಕಡಿಮೆ. ಅದೇ 20 ಈಗ ಅದಕ್ಕೆ ಜಾಸ್ತಿ. 15ಕ್ಕೆ ಇಳಿಸಬೇಕು, ಎರಡನೇ ಬಾಟಲಿ ಬಂತು. ತೀರಾ ಮುಂದುವರಿದ ಕಣ್ಣಿಗೆ 12ರ ಆಸುಪಾಸಿಗೆ ತರಬೇಕಾಗುತ್ತದೆ. ಅಲ್ಲಿಗೆ ಬರೀ ಡ್ರಾಪ್ಸ್‌ನಿಂದ ಮುಟ್ಟುವುದು ಕಷ್ಟ, ಆಪರೇಷನ್ ಮಾತು ಬರುತ್ತದೆ. ನೀವು ಬೋರ್‌ವೆಲ್ ಕೊರೆಸಿರಬಹುದು. ಮೊದಲ ಮುನ್ನೂರು ಅಡಿಗೆ ಒಂದು ರೇಟು, ಆಮೇಲೆ ಆಳಕ್ಕೆ ಹೋದಂತೆ ಅಡಿಗೆ ಇಷ್ಟಿಷ್ಟು ಅಂತ ಏರುತ್ತದೆ, ಅಲ್ವಾ? ಇದೂ ಹಾಗೇ. ಕೊನೆಯ ಮೂರು ನಾಲ್ಕು ಅಂಕ ಇಳಿಸುವುದೇ ದುಬಾರಿ.

ಆ ಅಂಕಗಳಿಗೆ ಇಷ್ಟು ದುಡ್ಡು ಯಾಕೆ ಸುರಿಯಬೇಕು ಅಂತ ಕೇಳಬಹುದು. ಸ್ವೀಡನ್ನಿನ ಮಾಲ್ಮೋದಲ್ಲಿ ಹೊಸದಾಗಿ ಗ್ಲಾಕೋಮಾ ಬಂದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಒತ್ತಡ ಒಂದೊಂದು ಅಂಕ ಇಳಿದಾಗಲೂ ಕಾಯಿಲೆ ಮುಂದುವರಿಯುವ ಅಪಾಯ ಸುಮಾರು 10% ಕಡಿಮೆಯಾಗಿತ್ತು. ನಿಮ್ಮ ಡಾಕ್ಟರು 17 ಇದ್ದರೂ 'ಇನ್ನೂ ಇಳಿಯಬೇಕು' ಅಂದರೆ ಬಿಲ್ ಬೆಳೆಸಲು ಹೇಳುತ್ತಿದ್ದಾರೆ ಅಂತ ಅಂದುಕೊಳ್ಳಬೇಡಿ.

ಹಂತಕ್ಕೆ ತಕ್ಕಂತೆ ಖರ್ಚು ಎಷ್ಟು ಏರುತ್ತದೆ ಅಂತ ಲೆಕ್ಕ ಹಾಕಿದವರೂ ಇದ್ದಾರೆ. ಅಮೆರಿಕದಲ್ಲಿ 2006ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಇನ್ನೂ ಅನುಮಾನದ ಹಂತದಲ್ಲಿ ಇರುವವರಿಗೆ ವರ್ಷಕ್ಕೆ 623 ಡಾಲರ್, ಕೊನೆಯ ಹಂತದವರಿಗೆ 2,511 ಡಾಲರ್. ನಾಲ್ಕು ಪಟ್ಟು. ಯುರೋಪಿನಲ್ಲಿ 2005ರಲ್ಲಿ ಬಂದ ಲೆಕ್ಕದಲ್ಲಿ 455 ಯುರೋದಿಂದ 969 ಯುರೋಗೆ, ಅಂದರೆ ಎರಡು ಪಟ್ಟಿಗಿಂತ ಸ್ವಲ್ಪ ಮೇಲೆ. ಅವರ ದುಡ್ಡನ್ನು ರೂಪಾಯಿಗೆ ತಿರುಗಿಸಿ ಗಾಬರಿಯಾಗಬೇಡಿ. ಅದು ಬೇರೆ ದೇಶ, ಬೇರೆ ಫೀಸು. ನಮಗೆ ಬೇಕಾದ್ದು ಎರಡೇ ಮಾತು. ಒಂದು, ಖರ್ಚು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇನ್ನೊಂದು, ಎರಡೂ ಕಡೆ ದೊಡ್ಡ ಪಾಲು ಹೋಗಿದ್ದು ಔಷಧಿಗೆ, ಆಪರೇಷನ್‌ಗೆ ಅಲ್ಲ. ನಮ್ಮಲ್ಲಿ ಆ ಔಷಧಿಯ ದುಡ್ಡೇ ಪೂರ್ತಿ ಜೇಬಿನಿಂದ ಹೋಗುವುದು.

ಈಗ ನಿಮ್ಮ ಅಪ್ಪ ಯಾವ ಮೆಟ್ಟಿಲಿನಲ್ಲಿದ್ದಾರೆ? ಅವರ ಫೈಲಿನಲ್ಲಿ ಫೀಲ್ಡ್ ಟೆಸ್ಟಿನ ಹಾಳೆ ಇರುತ್ತದೆ. ಬಟ್ಟಲಿನಂಥ ಯಂತ್ರದೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕೆ ಕಂಡಾಗ ಬಟನ್ ಒತ್ತುವ ಪರೀಕ್ಷೆ ಅದು. ಹಾಳೆಯ ಕೆಳಗೆ ಬಲಗಡೆ 'ಎಂಡಿ' (MD) ಅಂತ ಇದ್ದು ಮುಂದೆ ಮೈನಸ್ ಅಂಕಿ ಇರುತ್ತದೆ, ನೋಟ ಒಟ್ಟಾರೆ ಎಷ್ಟು ಕಡಿಮೆಯಾಗಿದೆ ಅನ್ನುವ ಲೆಕ್ಕ ಅದು. ಮೈನಸ್ 6 ಮುಟ್ಟದಿದ್ದರೆ ಆರಂಭದ ಹಂತ. ಮೈನಸ್ 6ರಿಂದ 12ರವರೆಗೆ ಮಧ್ಯಮ. 12 ದಾಟಿದರೆ ಮುಂದುವರಿದದ್ದು. ಎರಡು ಕಣ್ಣಿಗೆ ಎರಡು ಹಾಳೆ, ಬೇರೆ ಬೇರೆ ಅಂಕಿ ಇರಬಹುದು. ಪರೀಕ್ಷೆ ಮಾಡುವಾಗ ನಿದ್ದೆ ತೂಗಿದರೂ ಅಂಕಿ ಕೆಡುತ್ತದೆ, ಹಾಗಾಗಿ ಒಂದೇ ಹಾಳೆ ನೋಡಿ ತೀರ್ಮಾನಿಸಬೇಡಿ. ಮೂರು ವರ್ಷದ ಹಾಳೆಗಳನ್ನು ಸಾಲಾಗಿ ಇಟ್ಟು ನೋಡಿ. ಬಲಗಣ್ಣಿನದು ಪ್ರತಿ ಸಲ ಮೈನಸ್ ಜಾಸ್ತಿಯಾಗುತ್ತಾ ಬಂದಿದ್ದರೆ ಆಪರೇಷನ್ ಮಾತು ಯಾಕೆ ಬಂತು ಅಂತ ನಿಮಗೇ ಗೊತ್ತಾಗುತ್ತದೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಕುಕ್ಕಿದ್ದು ಬೇರೆಯದೇ. ಬಾಟಲಿ 20 ದಿನಕ್ಕೆ ಖಾಲಿ ಅಂದಿರಲ್ಲ, ಅದು.

ರಾತ್ರಿ ಹಾಕುವ ಬಾಟಲಿ ಬಹುಶಃ ಲ್ಯಾಟಾನೊಪ್ರಾಸ್ಟ್ ಅಥವಾ ಅದರ ಅಣ್ಣತಮ್ಮಂದಿರಲ್ಲಿ ಒಂದು. ಅದು ಸಾಮಾನ್ಯವಾಗಿ 2.5 ಮಿ.ಲೀ. ಇರುತ್ತದೆ, ಸುಮಾರು 80 ಹನಿ. ಎರಡು ಕಣ್ಣಿಗೆ ದಿನಕ್ಕೆ ಎರಡು ಹನಿ ಅಂದರೆ ತಿಂಗಳು ದಾಟಿಯೂ ಬರಬೇಕು. 20 ದಿನಕ್ಕೆ ಮುಗಿದರೆ ಅರ್ಧ ಔಷಧಿ ಕೆನ್ನೆಗೆ ಹೋಗುತ್ತಿದೆ ಅಂತಲೇ ಲೆಕ್ಕ. ಒಂದೊಂದು ಬಾಟಲಿ ತಿಂಗಳು ಬಂದರೆ ವರ್ಷಕ್ಕೆ 12 ಜೊತೆ, ₹980ರಂತೆ ₹11,760. 20 ದಿನಕ್ಕೆ ಮುಗಿದರೆ 18 ಜೊತೆ, ₹17,640. ವ್ಯತ್ಯಾಸ ₹5,880. ಒಂದು ಗೊಬ್ಬರದ ಸಾಲ ತೀರುವಷ್ಟು ದುಡ್ಡು ಕೆನ್ನೆ ಮೇಲೆ ಹರಿದು ಹೋಗುತ್ತಿದೆ. ಅದಕ್ಕಿಂತ ಕೆಟ್ಟದ್ದೆಂದರೆ, ಒಳಗೆ ಹೋಗಬೇಕಾದದ್ದು ಸರಿಯಾಗಿ ಹೋಗದೆ ಒತ್ತಡ ಇಳಿಯದೇ ಇದ್ದಿರಬಹುದು. ಹಾಗೇನಾದರೂ ಆಗಿದ್ದರೆ ಎರಡನೇ ಬಾಟಲಿ ಬಂದದ್ದೇ ಮೊದಲನೆಯದನ್ನು ತಪ್ಪಾಗಿ ಹಾಕಿದ್ದಕ್ಕೆ. ನನ್ನ ಓಪಿಡಿಯಲ್ಲಿ ಇಂಥವರು ಎಷ್ಟೋ ಜನ ಸಿಕ್ಕಿದ್ದಾರೆ. ಈಗ ನಾನು ಹೊಸ ಔಷಧಿ ಬರೆಯುವ ಮೊದಲು 'ನನ್ನ ಮುಂದೆ ಒಂದು ಹನಿ ಹಾಕಿ ತೋರಿಸಿ' ಅನ್ನುತ್ತೇನೆ. ಬಾಟಲಿಯ ಮೂತಿ ಹುಬ್ಬಿಗೆ ತಾಗಿಸುವವರು, ಕಣ್ಣು ಮುಚ್ಚಿಕೊಂಡು ಹಾಕುವವರು, 'ಒಂದು ಸಾಲದೇನೋ' ಅಂತ ಮೂರು ಹನಿ ಸುರಿಯುವವರು, ಎಲ್ಲಾ ಥರದವರೂ ಇದ್ದಾರೆ.

ಕಣ್ಣು ಹಿಡಿದಿಟ್ಟುಕೊಳ್ಳುವುದು ಒಂದು ಹನಿಯನ್ನೇ. ಎರಡನೆಯದು ಹಾಕಿದರೂ ಆಚೆ ಬರುತ್ತದೆ. ಅಪ್ಪನನ್ನು ಮಲಗಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು, ಅಲ್ಲಾಗುವ ಸಣ್ಣ ಜೇಬಿಗೆ ಒಂದು ಹನಿ. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯಬೇಕು. ಹಾಗೆ ಮಾಡಿದರೆ ಔಷಧಿ ಗಂಟಲಿಗೆ ಇಳಿಯುವುದಿಲ್ಲ, ಕಣ್ಣಿನಲ್ಲೇ ಇರುತ್ತದೆ. ಎರಡು ಬೇರೆ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ, ಇಲ್ಲವಾದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಕೈ ನಡುಗಿದರೆ ಅಮ್ಮನೋ ಸೊಸೆಯೋ ಹಾಕಲಿ. ಇಷ್ಟು ಮಾಡಿ ಒಂದು ತಿಂಗಳು ಬಿಟ್ಟು ಒತ್ತಡ ನೋಡಿಸಿ. ಆಪರೇಷನ್ ಬಗ್ಗೆ ಡಾಕ್ಟರ ಹತ್ತಿರ ಕೂತು ಮಾತಾಡಲು ಅದು ಒಳ್ಳೆಯ ಹೊತ್ತು. ಆದರೆ ಅವರು ತಡ ಮಾಡಬೇಡಿ ಅಂದಿದ್ದರೆ ತಿಂಗಳು ಕಾಯಬೇಡಿ.

ಬಾಟಲಿ ಎಲ್ಲಿ ಇಡುತ್ತೀರಿ ಅನ್ನುವುದೂ ಮುಖ್ಯ. ಲ್ಯಾಟಾನೊಪ್ರಾಸ್ಟ್‌ನ ತೆರೆಯದ ಬಾಟಲಿ ಸಾಮಾನ್ಯವಾಗಿ ಫ್ರಿಜ್ಜಿನಲ್ಲಿರಬೇಕು. ಮೆಡಿಕಲ್ ಶಾಪಿನವರು ಅದನ್ನು ಬಿಸಿಲು ಬೀಳುವ ಶೆಲ್ಫಿನಿಂದ ತೆಗೆದು ಕೊಟ್ಟರೆ ಬೇರೆ ಅಂಗಡಿ ನೋಡಿ. ತೆರೆದ ಮೇಲೆ ಬಿಸಿಲು ತಾಗದ ತಂಪು ಜಾಗದಲ್ಲಿ ಇಟ್ಟರೆ ಸಾಕು. ತೆರೆದ ದಿನಾಂಕವನ್ನು ಬಾಟಲಿ ಮೇಲೆ ಬರೆಯಿರಿ, ಚೀಟಿಯಲ್ಲಿ ಬರೆದಷ್ಟು ದಿನ ಆದ ಮೇಲೆ ಉಳಿದಿದ್ದರೂ ಎಸೆಯಿರಿ. ಉಳಿಸುವ ಆಸೆಗೆ ಹಳೆಯದನ್ನು ಹಾಕಿ ಕಣ್ಣಿಗೆ ಸೋಂಕು ತಂದುಕೊಳ್ಳಬಾರದು.

ನರದ ಶಕ್ತಿಯ ಮಾತ್ರೆ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಒತ್ತಡ ಇಳಿಸುವ ಔಷಧಿಗೆ ಇರುವಂಥ ಗಟ್ಟಿ ಪುರಾವೆ ಇವುಗಳಿಗಿಲ್ಲ. ಎಷ್ಟೋ ಮನೆಗಳಲ್ಲಿ ಮಾತ್ರೆಯ ಬಿಲ್ಲು ಡ್ರಾಪ್ಸ್‌ಗಿಂತ ಜಾಸ್ತಿ ಬರುತ್ತದೆ, ದುಡ್ಡು ಸಾಲದಾದಾಗ ಜನ ಡ್ರಾಪ್ಸ್ ಬಿಟ್ಟು ಮಾತ್ರೆ ನುಂಗುತ್ತಾರೆ! ಮಾತ್ರೆ ಹೊಟ್ಟೆಗೆ ಹೋದರೆ ಔಷಧಿ ತಗೊಂಡಂಗೆ ಅನ್ನಿಸುತ್ತೋ ಏನೋ. ಕತ್ತರಿ ಹಾಕುವುದಿದ್ದರೆ ಮೊದಲು ಇಲ್ಲಿ ಹಾಕಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಸಂಕೋಚ ಬೇಡ. 'ಇಷ್ಟು ತಿಂಗಳಿಗೆ ಆಗಲ್ಲ, ಯಾವುದು ಬಿಟ್ಟರೆ ನಡೆಯುತ್ತೆ?' ಅಂತ ಕೇಳಿದರೆ ಯಾವ ಒಳ್ಳೆಯ ಡಾಕ್ಟರೂ ಬೇಸರ ಮಾಡಿಕೊಳ್ಳುವುದಿಲ್ಲ. ಕೇಳದೆ ಮನೆಯಲ್ಲೇ ಬಿಡುವುದು ತಪ್ಪು.

ಕೇಳುವಾಗ ಇನ್ನೂ ಎರಡು ಮಾತು ಕೇಳಿ. ಔಷಧಿಯ ಮೂಲ ಹೆಸರು ಬರೆದುಕೊಡಿ ಅನ್ನಿ, ಜನೌಷಧಿ ಅಂಗಡಿಯಲ್ಲಿ ಸಿಗುತ್ತಾ ಅಂತ ವಿಚಾರಿಸಬಹುದು. ಮತ್ತೆ, ಟಿಮೊಲಾಲ್ ಅನ್ನುವ ಹಳೆಯ ಡ್ರಾಪ್ಸ್ ಇದೆ. 1978ರಿಂದ ಬಳಕೆಯಲ್ಲಿದೆ, ಈಗಲೂ ಅಗ್ಗ. ಅದು ಆಗುತ್ತಾ, ಅಥವಾ ಎರಡು ಔಷಧಿ ಒಂದೇ ಬಾಟಲಿಯಲ್ಲಿ ಇರುವುದು ಸಿಗುತ್ತಾ ಅಂತ ಕೇಳಿ. ಒಂದು ಎಚ್ಚರಿಕೆ. ಅಪ್ಪನಿಗೆ ಉಬ್ಬಸ ಇದ್ದರೆ, ಅಥವಾ ನಾಡಿ ಬಡಿತ ನಿಧಾನ ಇದ್ದರೆ ಟಿಮೊಲಾಲ್ ಆಗುವುದಿಲ್ಲ. ಕಣ್ಣಿಗೆ ಹಾಕಿದ ಹನಿ ಎದೆಗೂ ಮುಟ್ಟುತ್ತದೆ. ಬೀಡಿ ಸೇದಿ ದಮ್ಮು ಇರುವವರು ಕಣ್ಣಿನ ಡಾಕ್ಟರ ಹತ್ತಿರ ಆ ಮಾತೇ ಎತ್ತುವುದಿಲ್ಲ. 'ಕಣ್ಣಿಗೂ ಎದೆಗೂ ಏನು ಸಂಬಂಧ' ಅಂತ. ಇದೆ.

ಲೇಸರ್ ಬಗ್ಗೆಯೂ ವಿಚಾರಿಸಿ. ಕಣ್ಣೊಳಗಿನ ನೀರು (ಕಣ್ಣೀರಲ್ಲ) ಹೊರಗೆ ಹೋಗುವ ಒಳಗಿನ ಮೂಲೆ ತೆರೆದೇ ಇದ್ದು, ಅಲ್ಲಿನ ಜಾಲರಿ ಕಟ್ಟಿಕೊಂಡಿರುವುದು ಒಂದು ಬಗೆಯ ಗ್ಲಾಕೋಮಾ. ಮೂಲೆಯೇ ಇಕ್ಕಟ್ಟಾಗಿರುವುದು ಇನ್ನೊಂದು ಬಗೆ. ಮೊದಲ ಬಗೆಗೆ ಎಸ್‌ಎಲ್‌ಟಿ ಅನ್ನುವ ಲೇಸರ್ ಇದೆ. ಕೆಲವೇ ನಿಮಿಷದ ಕೆಲಸ, ಅದೇ ದಿನ ಮನೆಗೆ ಬರಬಹುದು. ಇಂಗ್ಲೆಂಡಿನಲ್ಲಿ ಡ್ರಾಪ್ಸ್ ಬದಲು ಮೊದಲೇ ಇದನ್ನು ಮಾಡಿ ನೋಡಿದರು. 2019ರಲ್ಲಿ ಬಂದ ಫಲಿತಾಂಶದಲ್ಲಿ, ಮೂರು ವರ್ಷ ಆದ ಮೇಲೂ 74% ಜನರಿಗೆ ಡ್ರಾಪ್ಸ್ ಬೇಕಾಗಿರಲಿಲ್ಲ. ಅವರದು ಹೆಚ್ಚಾಗಿ ಶುರುವಿನ ಹಂತದ ಕಣ್ಣುಗಳು ಅನ್ನುವುದು ನೆನಪಿರಲಿ. ನಿಮ್ಮ ಅಪ್ಪನ ಬಲಗಣ್ಣಿಗೆ ಇದರಿಂದ ಪೂರ್ತಿ ಬಿಡುಗಡೆ ಸಿಗದು. ಎಡಗಣ್ಣು ಚೆನ್ನಾಗಿದ್ದರೆ ಅದಕ್ಕೆ ಮಾಡಿಸಿ ಒಂದು ಬಾಟಲಿ ತಪ್ಪಿಸಬಹುದೇನೋ. ಪರಿಣಾಮ ಕೆಲವು ವರ್ಷಕ್ಕೆ ಸವೆಯಬಹುದು, ಮತ್ತೆ ಮಾಡಿಸಬಹುದು. ಇಕ್ಕಟ್ಟಿನ ಮೂಲೆಯ ಗ್ಲಾಕೋಮಾಗೆ ಬೇರೆ ಲೇಸರ್. ಕಣ್ಣಪಾಪೆ ಸುತ್ತಲಿನ ಬಣ್ಣದ ಪಟ್ಟಿಯಲ್ಲಿ ಸಣ್ಣ ತೂತು ಮಾಡುತ್ತಾರೆ.

ಆಪರೇಷನ್‌ಗೆ ಬರೋಣ. ಟ್ರಾಬೆಕ್ಯುಲೆಕ್ಟಮಿ ಅನ್ನುತ್ತಾರೆ, 1960ರ ದಶಕದ ಕೊನೆಯಿಂದ ಮಾಡುತ್ತಾ ಬಂದಿರುವ ಆಪರೇಷನ್. ಕಣ್ಣಿನ ಬಿಳಿಭಾಗದಲ್ಲಿ ನೀರಿಗೆ ಒಂದು ಹೊಸ ತೂಬು ತೆರೆಯುವುದು. ಖಾಸಗಿಯಲ್ಲಿ ಒಂದು ಕಣ್ಣಿಗೆ ಹತ್ತಾರು ಸಾವಿರ ಆಗುತ್ತದೆ, ಊರು ಆಸ್ಪತ್ರೆ ನೋಡಿ ಬದಲಾಗುತ್ತದೆ. ಉದಾಹರಣೆಗೆ ₹35,000 ಅಂತ ಇಟ್ಟುಕೊಳ್ಳಿ. ತಿಂಗಳಿಗೊಂದು ಜೊತೆ ಲೆಕ್ಕದಲ್ಲಿ ಅದು ನಿಮ್ಮ ಮೂರು ವರ್ಷದ ಡ್ರಾಪ್ಸ್ ದುಡ್ಡು, ಈಗಿನ ಹಾಗೆ 20 ದಿನಕ್ಕೆ ಮುಗಿದರೆ ಎರಡೇ ವರ್ಷದ್ದು. ಆಪರೇಷನ್ ಕೈಹಿಡಿದರೆ ಆ ಕಣ್ಣಿಗೆ ಎಷ್ಟೋ ವರ್ಷ ಡ್ರಾಪ್ಸ್ ಬೇಡ, ಅಥವಾ ಒಂದೇ ಸಾಕು. ಹಾಗಾಗಿ ಕೆಲವರಿಗೆ, ಮುಖ್ಯವಾಗಿ ದೂರದ ಹಳ್ಳಿಯವರಿಗೆ, ಔಷಧಿ ತಪ್ಪಿಸುವವರಿಗೆ, ಆಪರೇಷನ್ನೇ ಅಗ್ಗ ಬೀಳುತ್ತದೆ. ಆದರೆ ಬಿಲ್ಲಿನಲ್ಲಿ ಬರದ ಖರ್ಚು ಇದೆ. ಮರುದಿನ ತೋರಿಸಬೇಕು, ಆಮೇಲೆ ಒಂದೂವರೆ ತಿಂಗಳು ಹೆಚ್ಚುಕಡಿಮೆ ವಾರವಾರ ಹೋಗಬೇಕು. ಆ ಓಡಾಟದಲ್ಲೇ ಡಾಕ್ಟರು ಹೊಲಿಗೆ ಸಡಿಲಿಸಿ ತೂಬನ್ನು ಹದಕ್ಕೆ ತರುವುದು. ಅರ್ಧಕ್ಕೆ ಬಿಟ್ಟರೆ ತೂಬು ಕೂಡಿಕೊಂಡು ಬಿಡುತ್ತದೆ, ಆಪರೇಷನ್ ದುಡ್ಡು ನೀರಲ್ಲಿ ಹೋಮ. ಜೊತೆಗೊಬ್ಬರು ಬೇಕು, ಅವರ ದಿನಗೂಲಿಯೂ ಹೋಯಿತು. ಆದ್ದರಿಂದ ಬಿತ್ತನೆ ಅಥವಾ ರಾಶಿ ಸಮಯಕ್ಕೆ ಬೀಳದ ಹಾಗೆ ದಿನ ಕೇಳಿ. ಇದು ಸಣ್ಣ ಮಾತಲ್ಲ, ನಾನು ರೈತರಿಗೆ ದಿನ ಕೊಡುವಾಗ ಮಳೆ ನಕ್ಷತ್ರ ನೋಡಿಯೇ ಕೊಡುತ್ತೇನೆ. ಆಪರೇಷನ್ ಆದ ಕಣ್ಣು ವರ್ಷಗಳು ಕಳೆದ ಮೇಲೂ ಕೆಂಪಾಗಿ, ನೋವು, ಕೀವು ಬಂದರೆ ಅದೇ ದಿನ ಓಡಬೇಕು.

ಈ ಆಪರೇಷನ್ನೂ ನಿಲ್ಲದಿದ್ದರೆ ಸಣ್ಣ ಕೊಳವೆ ಇಡುವ ಆಪರೇಷನ್ ಇದೆ. ಹೊರದೇಶದ ವಾಲ್ವ್ ದುಬಾರಿ. ಮದುರೈನ ಆರೋಲ್ಯಾಬ್ ಮಾಡುವ ನಮ್ಮದೇ ದೇಶದ ಕೊಳವೆ ಅದಕ್ಕಿಂತ ತುಂಬಾ ಕಡಿಮೆಗೆ ಸಿಗುತ್ತದೆ. ಅಲ್ಲಿಗೆ ಹೋಗುವ ಸಂದರ್ಭ ಬಂದರೆ ಕೇಳಿ.

ಬಿಪಿಎಲ್ ಕಾರ್ಡ್ ಇದ್ದ ಮೇಲೆ ಈ ಆಪರೇಷನ್ ದುಡ್ಡು ನೀವು ಕೊಡಬೇಕಾಗಿಯೇ ಇಲ್ಲದಿರಬಹುದು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರದ, 30% ಮಾತ್ರ. ಜನ ಎಡವುವುದು ಒಂದು ಕಡೆ: ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಅಡ್ಮಿಟ್ ಆಗಿ, ಆಮೇಲೆ ಕಾರ್ಡ್ ತೋರಿಸುತ್ತಾರೆ. ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಪಡೆಯಬೇಕು. ನೀವು ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಿಂದ ಶುರು ಮಾಡಿ. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ (ಈಗಿನ ಹೆಸರು ಕೆಎಂಸಿಆರ್‌ಐ) ಇದೆ, ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ. ಎರಡೂ ಸರ್ಕಾರಿಯೇ. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆಯ ಕಾರ್ಡಿನ ಬಗ್ಗೆ ಸೊಸೈಟಿಯಲ್ಲಿ ಕೇಳಿ.

ಈ ಯೋಜನೆಗಳಲ್ಲಿ ನನಗೆ ಇರುವ ಬೇಸರ ಇದು. ಆಸ್ಪತ್ರೆಗೆ ಸೇರಿ ಮಾಡಿಸಿಕೊಳ್ಳುವ ಚಿಕಿತ್ಸೆಗೆ ದುಡ್ಡು ಇದೆ, ಮನೆಯಲ್ಲಿ ದಿನಾ ಹಾಕುವ ಹನಿಗೆ ಇಲ್ಲ. ಖಾಸಗಿ ವಿಮೆಗಳ ಕಥೆಯೂ ಹೆಚ್ಚಾಗಿ ಅಷ್ಟೇ. ಅಂದರೆ ಕಾಯಿಲೆ ಅಗ್ಗವಾಗಿ ನಿಲ್ಲಬಹುದಾದ ಹೊತ್ತಿನಲ್ಲಿ ಪೂರ್ತಿ ಭಾರ ಮನೆಯವರ ಮೇಲೆ. ಕೈಮೀರಿದ ಮೇಲೆ ಸರ್ಕಾರ ಬರುತ್ತದೆ. ತಿಂಗಳಿಗೆ ಕೆಲವು ನೂರು ಇಲ್ಲದೆ ಡ್ರಾಪ್ಸ್ ಬಿಟ್ಟು, ಎರಡು ವರ್ಷಕ್ಕೆ ಉಚಿತ ಆಪರೇಷನ್‌ಗೆ ಬಂದವರನ್ನು ನೋಡಿದ್ದೇನೆ.

ಕೊನೆಯ ಮೆಟ್ಟಿಲಿನ ಲೆಕ್ಕ ತಲೆಕೆಳಗು. ಒಂದು ಕಣ್ಣು ಪೂರ್ತಿ ಹೋದ ಮೇಲೆ ಆಸ್ಪತ್ರೆ ಬಿಲ್ಲು ಕಡಿಮೆಯೂ ಆಗಬಹುದು. ನೋಡಲು ಏನೂ ಉಳಿದಿಲ್ಲದ ಕಣ್ಣಿಗೆ ನೋವು ಇಳಿಸುವಷ್ಟು ಮಾತ್ರ ಮಾಡುತ್ತೇವೆ. ಆದರೆ ಖರ್ಚು ನಿಂತಿರುವುದಿಲ್ಲ, ಮನೆಗೆ ಬಂದಿರುತ್ತದೆ. ಒಬ್ಬ ಲಾರಿ ಡ್ರೈವರ್ ನೆನಪಾಗುತ್ತಾರೆ. ಎದುರಿನ ಬೋರ್ಡ್ ಪೂರ್ತಿ ಓದುತ್ತಿದ್ದರು, ಹಾಗಾಗಿ ಡ್ರಾಪ್ಸ್ ಬಿಟ್ಟರು. ಗ್ಲಾಕೋಮಾ ಮೊದಲು ತಿನ್ನುವುದು ಅಕ್ಕಪಕ್ಕದ ನೋಟವನ್ನು, ನಡುವಿನದ್ದನ್ನು ಕೊನೆಗೆ. ಮತ್ತೆ ಬಂದಾಗ ಕೊಳವೆಯಲ್ಲಿ ನೋಡಿದ ಹಾಗೆ ನಡುವಿನದ್ದು ಮಾತ್ರ ಉಳಿದಿತ್ತು. ಪಕ್ಕದಿಂದ ಬಂದ ಬೈಕು ಕಂಡಿರಲಿಲ್ಲ. ಕೆಲಸ ಹೋಯಿತು. ಮಗ ಕಾಲೇಜು ಬಿಟ್ಟು ದುಡಿಯಲು ಹೋದ. ನಾನು ಬರೆದಿದ್ದ ಡ್ರಾಪ್ಸ್ ತಿಂಗಳಿಗೆ ನೂರು ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ.

ಇಂಥ ಸ್ಥಿತಿಯಲ್ಲಿ ಇರುವವರು ಯಾರಾದರೂ ನಿಮಗೆ ಗೊತ್ತಿದ್ದರೆ ಒಂದು ಮಾತು ತಿಳಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅಕ್ಷರ ಓದಲು ಬರುತ್ತಾ ಅನ್ನುವುದಷ್ಟೇ ಅಳತೆ ಅಲ್ಲ. ನೋಟದ ಅಗಲ 40 ಡಿಗ್ರಿಗಿಂತ ಕಡಿಮೆ ಇದ್ದರೆ ಮಂದದೃಷ್ಟಿ, 10 ಡಿಗ್ರಿಗಿಂತ ಕಡಿಮೆ ಇದ್ದರೆ ಅಂಧತ್ವ. ಬೋರ್ಡ್ ಓದುತ್ತೀರಲ್ಲ ಅಂತ ವಾಪಸ್ ಕಳಿಸಿದರೆ ಫೀಲ್ಡ್ ಟೆಸ್ಟಿನ ಹಾಳೆ ತೋರಿಸಿ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಕೇಳಬಹುದು.

ನಿಮ್ಮ ಅಪ್ಪ ಅಲ್ಲಿಗೆ ಹೋಗಿಲ್ಲ, ಹೋಗಲೇಬೇಕೆಂದೂ ಇಲ್ಲ. ಹೊಲ ನೋಡಿಕೊಳ್ಳುತ್ತಿದ್ದಾರೆ ಅಂದರೆ ನೋಟ ಸಾಕಷ್ಟು ಉಳಿದಿದೆ. ಮುಂದಿನ ಸಲ ಹೋಗುವಾಗ ಹಳೆಯ ಹಾಳೆಗಳೆಲ್ಲ ಇರುವ ಫೈಲು, ಈಗ ಹಾಕುತ್ತಿರುವ ಬಾಟಲಿಗಳು, ಬಿಪಿಎಲ್ ಮತ್ತು ಆಧಾರ್ ಕಾರ್ಡ್ ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ. ಫೈಲು ಕಳೆದುಕೊಂಡು ಆಸ್ಪತ್ರೆ ಬದಲಿಸಿದರೆ ಎಲ್ಲ ಪರೀಕ್ಷೆ ಮೊದಲಿಂದ ಮಾಡಬೇಕು, ಅದೂ ದುಡ್ಡು. ಹೋದಾಗ ನಿಮ್ಮ ಹೆಸರಲ್ಲೂ ಒಂದು ಚೀಟಿ ಮಾಡಿಸಿ. ಅಪ್ಪನಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಜಾಸ್ತಿ, ಅಣ್ಣತಮ್ಮ ಅಕ್ಕತಂಗಿಯರಿಗೂ ಹಾಗೇ. ನಿಮಗೆ 41 ಅಂದಿರಿ. ಒತ್ತಡ ನೋಡಿ, ಕಣ್ಣಿಗೆ ಹನಿ ಹಾಕಿ ನರ ನೋಡಲು ಒಂದು ತಾಸು ಸಾಕು. ಆ ಹನಿ ಹಾಕಿದ ಮೇಲೆ ಕೆಲವು ಗಂಟೆ ಮಂಜಾಗಿ ಕಾಣುತ್ತದೆ, ಹಾಗಾಗಿ ಅವತ್ತು ಬೈಕ್ ಬಿಟ್ಟು ಇಬ್ಬರೂ ಬಸ್ಸಿನಲ್ಲಿ ಹೋಗಿ.